ಗಂಗಕ್ಕನ ಕೈಗೆ ಸಿಕ್ಕ ಗಂಟು

"ಮೇಡಂ, ಇಲ್ಲೇನೋ ಗಂಟು ಐತಲ್ರೀ!"

ಹಿರಿಯೂರಿನ ನಮ್ಮ ಟೈಲರ್ ಗಂಗಕ್ಕ ಹೀಗಂದಾಗ ನಾನು ಎರಡೂ ಕೈ ಎತ್ತಿ ನಿಂತಿದ್ದೆ. ಅಣ್ಣನ ಮಗಳ ಮದುವೆಗೆ ರವಿಕೆ ಹೊಲಿಸಬೇಕಿತ್ತು. ಕಂಕುಳ ಸುತ್ತ ಟೇಪ್ ಹಿಡಿದಿದ್ದ ಅವರ ಬೆರಳು ಎಡಗಡೆ ಎದೆಯಂಚಿನ ಒಂದು ಜಾಗದಲ್ಲಿ ನಿಂತೇಬಿಟ್ಟಿತ್ತು. ಬೆಂಚಿನ ಮೇಲೆ ಇನ್ನಿಬ್ಬರು ಹೆಂಗಸರು ಬೇರೆ ಕೂತಿದ್ದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಳತೆ ತಗೊಳ್ಳಿ ಗಂಗಕ್ಕ, ಡಾಕ್ಟರಿಕೆ ಬೇಡ" ಅಂದುಬಿಟ್ಟೆ. ಬಟ್ಟೆ ವಾಪಸ್ ಇಸ್ಕೊಂಡು ಮನೆಗೆ ಬಂದೆ.

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಇದೇ ಅಂಕಣದಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಎರಡು ಸಲ ಉಪದೇಶ ಮಾಡಿದ್ದೇನೆ. (ನಿಮಗೆ ನೆನಪಿರಲಿಕ್ಕಿಲ್ಲ, ಬಿಡಿ. ನನಗೇ ನೆನಪಿರಲಿಲ್ಲ!) ಬಚ್ಚಲಿಗೆ ಹೋಗಿ ಮುಟ್ಟಿ ನೋಡಿಕೊಂಡೆ. ಇತ್ತು. ಅವರೆಕಾಳಿನಷ್ಟು. ನೋವಿಲ್ಲ. ನೋವೇ ಇಲ್ಲ ಅಂದಮೇಲೆ ಏನಾದೀತು? ಮದುವೆ ಮುಗೀಲಿ, ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ. ಗಂಡನಿಗೂ ಹೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಗಂಗಕ್ಕ. ಅಂಗಡಿಯ ಶಟರ್ ಎಳೆದು ಬಂದಿದ್ದರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಎಲ್ರ ಮುಂದೆ ಅಂದಿದ್ದು ನನ್ನ ತಪ್ಪು, ಬೈಯ್ರಿ. ಆದ್ರೆ ತೋರಿಸ್ಕಂಡ್ರಾ?"

"ಇಲ್ಲ."

"ತುರುವನೂರಲ್ಲಿ ನಮ್ಮಕ್ಕ ಇದ್ಲು ಮೇಡಂ. ಇಂಥದ್ದೇ ಗಂಟು. ಗಂಡಸು ಡಾಕ್ಟ್ರಿಗೆ ಹೆಂಗೆ ತೋರಿಸ್ಲಿ ಅಂತ ಎರಡು ವರ್ಷ ಸೆರಗಲ್ಲಿ ಮುಚ್ಚಿಟ್ಕಂಡ್ಲು. ಹುಣ್ಣಾಗಿ ವಾಸನೆ ಬಂದ್ಮೇಲೇ ನಮಗೆ ಗೊತ್ತಾಗಿದ್ದು. ಕೊನೆಗೆ ಬಾಯಿಗೆ ನೀರು ಬಿಟ್ಟಿದ್ದು ನಾನೇ. ಏಳ್ರಿ, ದುರ್ಗಕ್ಕೆ ಹೋಗಾಣ. ನಾನೂ ಬರ್ತೀನಿ."

ಅವರು ಓದಿದ್ದು ಏಳನೇ ಕ್ಲಾಸು. ಎಂ.ಎ. ಮಾಡಿದ ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮ್ಯಾಮೋಗ್ರಾಂ. ಆಮೇಲೆ ಸೂಜಿ ಚುಚ್ಚಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಗಂಗಕ್ಕ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅವತ್ತು ಸಂಜೆ ಗಂಡನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

ರಿಪೋರ್ಟ್ ಬಂತು. ಕ್ಯಾನ್ಸರೇ. ಆದರೆ ಚಿಕ್ಕದು, ಎಲ್ಲೂ ಹಬ್ಬಿದ ಲಕ್ಷಣವಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆದರು. "ಮೊದಲೆಲ್ಲ ಇಷ್ಟು ಚಿಕ್ಕ ಗಂಟಿಗೂ ಇಡೀ ಸ್ತನವನ್ನೇ ತೆಗೀತಿದ್ರು. ಅಷ್ಟು ಬೇಕಿಲ್ಲ ಅಂತ ಗೊತ್ತಾಗಿದ್ದು ಸಂಶೋಧನೆಯಿಂದ. ಅದಕ್ಕೆ ನಿಮ್ಮಂಥ ಎಷ್ಟೋ ಹೆಂಗಸರು ಒಪ್ಪಿ ಮುಂದೆ ಬಂದಿದ್ರು" ಅಂದರು ಡಾಕ್ಟರಮ್ಮ.

ಯಾವ ದೇಶದವರೋ, ಯಾವ ಭಾಷೆಯವರೋ! ತಮಗೆ ಏನಾಗುತ್ತೋ ಗೊತ್ತಿಲ್ಲದೆ ಹೂಂ ಅಂದವರು. ಅವರಲ್ಲಿ ಒಬ್ಬರ ಹೆಸರೂ ನನಗೆ ತಿಳಿಯದು. ನನ್ನ ಗಂಟಿನ ಚೂರನ್ನೂ ಸಂಶೋಧನೆಗೆ ಇಟ್ಟುಕೊಳ್ಳಬಹುದಾ ಅಂತ ಒಂದು ಫಾರ್ಮ್ ಕೊಟ್ಟರು. ಪೂರ್ತಿ ಓದಿ ಸಹಿ ಹಾಕಿದೆ. ಇಷ್ಟು ಖುಷಿಯಿಂದ ಯಾವ ಫಾರ್ಮಿಗೂ ಸಹಿ ಹಾಕಿದ್ದಿಲ್ಲ.

ರೇಡಿಯೇಷನ್ ಮುಗಿದು ವರ್ಷವಾಯಿತು. ಮಾತ್ರೆ ನಡೀತಿದೆ, ಚೆಕಪ್ ನಡೀತಿದೆ, ಪಾಠವೂ ನಡೀತಿದೆ. ಎಲ್ಲರಿಗೂ ನನ್ನಂಥ ಅದೃಷ್ಟ ಇರುತ್ತೆ ಅನ್ನಲಾರೆ. ಆದರೆ ಬೇಗ ಗೊತ್ತಾದವರಿಗೆ ದಾರಿಗಳು ಹೆಚ್ಚು.

ಗಂಗಕ್ಕ ಅಂಗಡಿಯಲ್ಲಿ ಈಗೊಂದು ಪರದೆ ಕಟ್ಟಿಸಿದ್ದಾರೆ. ಅಳತೆ ಅದರ ಹಿಂದೆ. ಬಂದವರನ್ನೆಲ್ಲ ಮೆಲ್ಲಗೆ ಕೇಳುತ್ತಾರೆ, "ಸ್ನಾನ ಮಾಡುವಾಗ ಮುಟ್ಟಿ ನೋಡ್ಕಂತೀರಾ?" ಹೊಸದುರ್ಗದಿಂದ ಮಗಳ ಮನೆಗೆ ಬಂದಿದ್ದ ಹೆಂಗಸೊಬ್ಬರು ಈ ಮಾತು ಕೇಳಿ ಆಸ್ಪತ್ರೆಗೆ ಹೋದರು. ಅವರದ್ದು ಬರೀ ಕೊಬ್ಬಿನ ಗಂಟು. ನಿಶ್ಚಿಂತೆಯಿಂದ ಊರಿಗೆ ಮರಳಿದರು. ಇದೂ ಲಾಭವೇ ತಾನೇ?

ಎಲ್ಲರೂ ಹಾಗಿರುವುದಿಲ್ಲ. ಮೊನ್ನೆ ನಾನಿದ್ದಾಗಲೇ ಒಬ್ಬಾಕೆ "ನಿಮಗ್ಯಾಕೆ ಅದೆಲ್ಲ?" ಅಂತ ರೇಗಿ ಎದ್ದುಹೋದಳು.

"ಹಿಂಗೆ ಕೇಳ್ತಾ ಹೋದ್ರೆ ಗಿರಾಕಿಗಳು ತಪ್ಪಿಹೋಗಲ್ವಾ?" ಅಂದೆ.

ಗಂಗಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಗಿರಾಕಿ ಹೋದ್ರೆ ಇನ್ನೊಬ್ರು ಬರ್ತಾರ್ರಿ. ಆಯಮ್ಮನೇ ಹೋದ್ರೆ?"