ಗುಡಿದಡಿಯ ಓರೆ ಹುಡುಕುವ ಪರಮಾನಂದ

ಬನಹಟ್ಟಿಯ ಈ ಓಣಿಗೆ ಬೆಳಗಿನ ಐದೂವರೆಗೆ ಕರೆಂಟು ಬರುತ್ತದೆ. ಮಗ್ಗಗಳು ಒಮ್ಮೆಲೇ ಖಟಪಟ ಎನ್ನತೊಡಗುವ ಹೊತ್ತಿಗೆ ಪರಮಾನಂದ ಮುಖಕ್ಕೆ ನೀರು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಾರೆ. ನಕ್ಷೆ ಬರೆಯುವ ಕೋರೆಲ್ ತಂತ್ರಾಂಶ ತೆರೆದು ಸೀರೆಯ ದಡಿಗೆ, ಅಂದರೆ ಅಂಚಿಗೆ, ಒಂದು ಓರೆಗೆರೆ ಎಳೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಗೆರೆ ಹದಿನೈದು, ಮೂವತ್ತು, ನಲವತ್ತೈದು ಡಿಗ್ರಿಗೆ ತಾನೇ ಹೋಗಿ ನಿಲ್ಲುತ್ತದೆ. ಆ ಕೀಲಿಯನ್ನು ಅವರು ಮುಟ್ಟುವುದಿಲ್ಲ. ಕೋನವನ್ನು ಅಂಕಿಯಲ್ಲೇ ಬರೆದು ಹಾಕುತ್ತಾರೆ.

"ಪರದೆ ಮ್ಯಾಲೆ ನಲವತ್ತೈದು ಎಳದ್ರ ಅರಿವ್ಯಾಗ ಐವತ್ತಮೂರಾಗಿ ನಿಂದರ್ತೈತ್ರಿ. ಇಂಚಿಗೆ ಹಾಸು ಎಂಬತ್ತೆಳಿ, ಹೊಕ್ಕು ಅರವತ್ತ. ಎರಡೂ ಸಮ ಇಲ್ಲಲ್ಲ? ಅಲ್ಲೆ ನಲವತ್ತೈದು ಬೇಕಂದ್ರ ಇಲ್ಲೆ ಮೂವತ್ತೇಳ ಎಳೀಬೇಕು. ಹೊಸಬರು ಇಲ್ಲೇ ಬೀಳ್ತಾರ."

ಪರಮಾನಂದ ಓದಿದ್ದು ನಾಲ್ಕನೆಯ ಇಯತ್ತೆ. ಮೊದಲು ಚೌಕಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಕ್ಷೆ ಬರೆಯುತ್ತಿದ್ದರು. ಮೌಸು ಹಿಡಿದಾಗ ವಯಸ್ಸು ನಲವತ್ತಾರು. ಈಗ ಐವತ್ತಾರು. ದಿನಕ್ಕೆ ನಾಲ್ಕು ದಡಿ ಮುಗಿಸುತ್ತಾರೆ. ಅವರ ಗೆರೆಗಳನ್ನು ಉಟ್ಟು ನಡೆಯುವ ಹೆಂಗಸರಿಗೆ ಅವರ ಹೆಸರು ಗೊತ್ತಿಲ್ಲ. ಅದರ ಬೇಸರವೂ ಅವರಿಗಿಲ್ಲ. ಅವರನ್ನು ತಿನ್ನುತ್ತಿರುವುದು ಬೇರೆಯೇ ಒಂದು ಗೆರೆ.

ಅವರ ಊರಿದ್ದದ್ದು ಬೀಳಗಿ ತಾಲೂಕಿನ ಹೊಳೆದಂಡೆಯಲ್ಲಿ. ತಾಯಿ ರುಕ್ಮವ್ವ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದವಳು. ಸಾಲು ಗೋಪುರಗಳ ಅವಳ ಗುಡಿದಡಿಗೆ ಇದ್ದ ಓರೆ ಮತ್ತೆಲ್ಲೂ ಇರಲಿಲ್ಲ. ಹಾಳೆಯಿಲ್ಲ, ನಕ್ಷೆಯಿಲ್ಲ; ಹೆಬ್ಬೆರಳಲ್ಲೇ ಎಳೆ ಎಣಿಸುತ್ತಿದ್ದಳು. ಆಣೆಕಟ್ಟಿನ ಹಿನ್ನೀರು ಬಂದಾಗ ಮಗ್ಗದ ಮರಮುಟ್ಟು ಟ್ರ್ಯಾಕ್ಟರಿನಲ್ಲಿ ಬಂತು. "ಕುಣಿ ಹೊತ್ಕೊಂಡ ಬರಾಕ ಆಗ್ತೈತೇನ್ರಿ?" ಎಂದು ಪರಮಾನಂದ ಕೇಳುತ್ತಾರೆ. ಪುನರ್ವಸತಿ ಮನೆಯ ನೆಲದಡಿ ಬರೀ ಬಂಡೆ. ರುಕ್ಮವ್ವ ಮತ್ತೆ ಮಗ್ಗಕ್ಕೆ ಕೂರಲಿಲ್ಲ.

ಉಳಿದದ್ದು ಒಂದೇ ಹಳೆಯ ಸೀರೆ. ಕೋನಮಾಪಕ ಇಟ್ಟರೆ ಒಂದು ಗೋಪುರದ ಓರೆ ಐವತ್ತೊಂದು ಡಿಗ್ರಿ, ಪಕ್ಕದ್ದು ಐವತ್ತೈದು, ಅದರಾಚೆಯದು ನಲವತ್ತೊಂಬತ್ತು. "ಒಗದೂ ಒಗದೂ ಜಗ್ಗೇತ್ರಿ. ಅರಿವಿ ಸುಳ್ಳ ಹೇಳಾಕತ್ತೈತಿ."

ಹಾಗಾಗಿ ತಾಯಿಯ ಬೆರಳೇ ಗತಿಯಾಯಿತು. ಕಣ್ಣು ಹೋಗಿದ್ದರೂ ದಡಿಯ ಮೇಲೆ ಹೆಬ್ಬೆರಳು ಆಡಿಸಿ ಓರೆ ತಿಳಿಯುತ್ತಿದ್ದಳು. ಮಗ್ಗದ ಮಾಲಕ ಕಲ್ಮೇಶ ಹಾಸು ಮುಗಿಯುವಾಗ ಗೇಣುದ್ದ ಮಾದರಿ ನೇಯ್ದು ಕೊಡುತ್ತಾನೆ. "ಪರಮಣ್ಣಾ, ನಿನ್ನ ಗುಡಿ ಕಟ್ಟೂದು ಇನ್ನಾ ಮುಗೀಲಿಲ್ಲೇನ? ಕಳಸ ಯಾವಾಗ?" ಎಂದು ಛೇಡಿಸುತ್ತಾನೆ. ಹತ್ತು ವರ್ಷಕ್ಕೆ ಇಪ್ಪತ್ತೆರಡು ಮಾದರಿ. "ಇದು ಗುಡಿ ಅಲ್ಲೋ, ಗೂಟ," ಎನ್ನುವಳು ರುಕ್ಮವ್ವ. ಇನ್ನೊಂದಕ್ಕೆ, "ಅಲ್ಲೋ ಹುಚ್ಚಾ, ಕುಡದಾರ ಗತೆ ವಾಲೇತಿ." ಹೇಗಿತ್ತೆಂದು ಬಾಯಿಬಿಟ್ಟು ಹೇಳು ಎಂದರೆ, "ಕೈಗೆ ಗೊತ್ತೈತಿ, ಬಾಯಿಗೆ ಗೊತ್ತಿಲ್ಲ." ಪರಮಾನಂದ ಅರ್ಧ ಡಿಗ್ರಿ ಸರಿಸುವರು, ಮತ್ತೆ ನೇಯಿಸುವರು.

ಈ ಶ್ರಾವಣದಲ್ಲಿ ಇಪ್ಪತ್ತಮೂರನೆಯದನ್ನು ಸವರಿ ರುಕ್ಮವ್ವ ಅಂದಳು: "ಛಲೋ ಆಗೇತಿ."

"ಇದ ಹೌದೇನಬೇ?"

"ಇದ. ಇದ."

ಪರಮಾನಂದ ಬರಿಗಾಲಲ್ಲೇ ಕಲ್ಮೇಶನ ಮನೆಗೆ ಓಡಿದರು. ಆದರೆ ಅವಳು ಅಷ್ಟು ಬೇಗ ಒಪ್ಪಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮರುದಿನ, ಅವಳೇ ಗೂಟ ಎಂದು ತಳ್ಳಿಹಾಕಿದ್ದ ಮಾದರಿಯನ್ನು ಕೈಗಿಟ್ಟರು. "ಛಲೋ ಆಗೇತಿ," ಅಂದಳು. ಕೊನೆಗೆ ಹೆಗಲ ಮೇಲಿನ ಟವೆಲ್ಲಿನ ಅಂಚು ಕೊಟ್ಟರು. ಅದರಲ್ಲಿ ಗೋಪುರವೇ ಇರಲಿಲ್ಲ. ಹೆಬ್ಬೆರಳು ಅದರ ಮೇಲೂ ನಿಧಾನ ಹೋಯಿತು, ಬಂತು. "ಇದೂ ಛಲೋ ಆಗೇತಿ. ಯಾರ ನೇದಾರಪಾ?"

ಈಗಲೂ ಪರಮಾನಂದ ದಿನಾ ಒಂದಿಷ್ಟು ಹೊತ್ತು ಆ ಗೆರೆ ಎಳೆಯುತ್ತಾರೆ. ಆಸೆ ಏನೆಂದು ಕೇಳಿದರೆ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ದೊಡ್ಡದೇನಿಲ್ಲರಿ. ಇನ್ನೊಂದ ಸಲ ನಮ್ಮವ್ವ 'ಅಲ್ಲೋ ಹುಚ್ಚಾ' ಅಂದ್ರ ಸಾಕು. ಇನ್ನ ನಾ ತಪ್ಪ ಎಳದ್ರ ಹೇಳವ್ರ ಯಾರೂ ಇಲ್ಲ."