ಅಣ್ಣನ ಸೊಂಟದ ಅಳತೆ

ಅಣ್ಣನಿಗೆ ಮೂತ್ರ ಕಟ್ಟಿಕೊಳ್ಳತೊಡಗಿದ್ದು ಕಳೆದ ವರ್ಷ ದೀಪಾವಳಿಗೆ ಮುಂಚೆ. ಹಬ್ಬದ ಬಟ್ಟೆಗಳ ಕೆಲಸದಲ್ಲಿ ನಾನು ತಲೆ ಎತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿ, ಬಯಾಪ್ಸಿ ರಿಪೋರ್ಟ್ ಬಂತು ಅಂದರು.

ಪ್ರಾಸ್ಟೇಟ್ ಕ್ಯಾನ್ಸರ್.

ಹೊಲಿಗೆ ಮೆಷಿನ್ ನಿಲ್ಲಿಸಿ ಅತ್ತೆ. ಆ ಅಳು ನಿಜವಾದದ್ದು. ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದವರಿಗೆ ನಂಬಿಕೆ ಬರದೆ ಹೋಗಬಹುದು.

ನಾನು ಚೆನ್ನೈನ ತಾಂಬರಂ ಸ್ಟೇಷನ್ ಹತ್ತಿರ ಟೈಲರ್. ಓದಿದ್ದು ಏಳನೇ ಕ್ಲಾಸು. ಅಪ್ಪ ಕೊಳ್ಳೇಗಾಲದ ಕಡೆಯಿಂದ ಬಂದು ಸೌಕಾರ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ಮೆಷಿನ್ ಹಾಕಿಕೊಂಡಿದ್ದ. ಮಕ್ಕಳಿಬ್ಬರಲ್ಲಿ ಒಬ್ಬ ಅದರ ಮುಂದೆ ಕೂರಬೇಕಿತ್ತು. ಅಣ್ಣ ಕಾಲೇಜಿಗೆ ಹೋದ, ಸರ್ಕಾರಿ ಆಫೀಸು ಸೇರಿದ, ಬೆಸೆಂಟ್ ನಗರದಲ್ಲಿ ಮನೆ ಮಾಡಿದ. ನಾನು ಅವನ ಪ್ಯಾಂಟು ಹೊಲಿದೆ. ಮೂವತ್ತು ವರ್ಷ ಅವನ ಸೊಂಟ ಮೂವತ್ತನಾಲ್ಕು ಇಂಚು ದಾಟಲಿಲ್ಲ. ನನ್ನದು ಮೂವತ್ತೆಂಟು, ಕೂತು ಕೂತು ಬೆನ್ನೂ ಬಾಗಿದೆ. ಹೊಸಬರು ನನ್ನನ್ನೇ ಅಣ್ಣ ಅಂದುಕೊಳ್ಳುತ್ತಿದ್ದರು. ಅವನಿಗೆ ಅದು ತಮಾಷೆ. "ಹೂಂ, ಇವ್ರೇ ನಮ್ಮಣ್ಣ, ಕಾಲಿಗೆ ಬೀಳಿ" ಎಂದು ಎಲ್ಲರ ಮುಂದೆ ನನ್ನ ಹೊಟ್ಟೆ ತಟ್ಟುತ್ತಿದ್ದ. ನಾನೂ ನಗುತ್ತಿದ್ದೆ.

ಕ್ಯಾನ್ಸರ್ ಮೂಳೆಗೆ ಹೋಗಿರಲಿಲ್ಲ. ರೇಡಿಯೇಷನ್ ಜೊತೆಗೆ ಹಾರ್ಮೋನ್ ಥೆರಪಿ ಎಂದರು ಡಾಕ್ಟರ್. ಮೂರು ತಿಂಗಳಿಗೊಂದು ಇಂಜೆಕ್ಷನ್. ಗಂಡಸಿನ ಹಾರ್ಮೋನ್ ನಿಂತರೆ ಗೆಡ್ಡೆ ಸೊರಗುತ್ತದೆ, ಆದರೆ ಮೈಯ ಮಾಂಸಖಂಡ ಕರಗಿ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ ಎಂದು ಬಿಡಿಸಿ ಹೇಳಿದರು. ಅಣ್ಣನ ಶುಗರ್ ಮೊದಲೇ ಬಾರ್ಡರ್‌ನಲ್ಲಿತ್ತು. ಹಾರ್ಟಿಗೂ ಅಪಾಯ. ವಾರಕ್ಕೊಮ್ಮೆ ತೂಕ ನೋಡಿ, ಸೊಂಟ ಅಳೆಯಿರಿ, ಒಂದು ಇಂಚು ಹೆಚ್ಚಾದರೂ ಮುಂದಿನ ಇಂಜೆಕ್ಷನ್‌ವರೆಗೆ ಕಾಯದೆ ಡಯಟಿಷಿಯನ್ ಹತ್ತಿರ ಬನ್ನಿ ಎಂದರು.

ತೂಕದ ಮೆಷಿನ್ ಬೇಡ ಎಂದ ಅಣ್ಣ. ಮನೆಯಲ್ಲೇ ಟೈಲರ್ ಇರುವಾಗ ಅದೆಲ್ಲ ಯಾಕೆ?

ಹಾಗೆ ಪ್ರತಿ ಭಾನುವಾರ ನಾನು ಟೇಪ್ ಜೇಬಿಗೆ ಹಾಕಿಕೊಂಡು ಗಿಂಡಿ ಸ್ಟೇಷನ್‌ವರೆಗೆ ಎಲೆಕ್ಟ್ರಿಕ್ ಟ್ರೇನಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋಗತೊಡಗಿದೆ. ಫ್ಯಾನಿನ ಕೆಳಗೆ ಕೂತ ಅಣ್ಣ ಇದ್ದಕ್ಕಿದ್ದಂತೆ ಕೆಂಪಾಗಿ ಬೆವರುತ್ತಿದ್ದ. ಬನಿಯನ್ ಹಿಂಡುವಷ್ಟು. ಐದು ನಿಮಿಷಕ್ಕೆ ಚಳಿ ಎಂದು ಶಾಲು ಕೇಳುತ್ತಿದ್ದ. ಟಿವಿಯಲ್ಲಿ ಯಾರದೋ ಮದುವೆ ನೋಡಿದರೂ ಕಣ್ಣೀರು. ಅತ್ತಿಗೆ ಅವನ ಬೆನ್ನು ಒರೆಸುತ್ತಾ ನನಗೆ ಹೇಳಿದರು: "ನಂಗೆ ಹತ್ತು ವರ್ಷದ ಹಿಂದೆ ಮುಟ್ಟು ನಿಲ್ಲೋವಾಗ ಬಂದು ಹೋಗಿದ್ದು, ನಿಮ್ಮಣ್ಣಂಗೆ ಈಗ ಬಂದೈತೆ ನೋಡು. ಆವಾಗ ಫ್ಯಾನ್ ಆಫ್ ಮಾಡು ಅಂತ ಬಯ್ತಿದ್ರು."

ಅಣ್ಣನೂ ನಕ್ಕ. ನನಗೆ ಆ ನಗುವಿನ ಮೇಲೂ ಹೊಟ್ಟೆ ಉರಿಯಿತು. ನನಗೆ ಹರ್ನಿಯಾ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದವರು ಎಷ್ಟು ಮಂದಿ? ಇವನ ಮನೆಗೆ ಹಳೆಯ ಆಫೀಸಿನವರು ಸರದಿಯಲ್ಲಿ ಬರುತ್ತಿದ್ದರು, ಮೇಜಿನ ಮೇಲೆ ಹಣ್ಣು ಇಡಲು ಜಾಗವಿರಲಿಲ್ಲ. ಕ್ಯಾನ್ಸರ್ ಬಂದವನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ?

ನಾನು ಪಟ್ಟೆ.

ಐದನೇ ಭಾನುವಾರ ಟೇಪ್ ಮೂವತ್ತೈದು ದಾಟಿತು. ಅಣ್ಣ ಕೈ ಎತ್ತಿಕೊಂಡು ಮುಖ ನೋಡುತ್ತಾ ನಿಂತಿದ್ದ. "ಮೂವತ್ತನಾಲ್ಕೂ ಕಾಲು" ಎಂದೆ. ಅತ್ತಿಗೆ ಪುಸ್ತಕದಲ್ಲಿ ಹಾಗೇ ಬರೆದುಕೊಂಡರು. ಅವನಿಗೆ ಬೇಜಾರಾಗಬಾರದು ಎಂದು ಸುಳ್ಳು ಹೇಳಿದೆ ಅಂತ ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಅದು ಎರಡನೇ ಸುಳ್ಳು. ನಿಜ ಗೊತ್ತಾದರೆ ಅವನು ಅನ್ನ ಕಡಿಮೆ ಮಾಡುತ್ತಾನೆ, ಬೀಚಿನಲ್ಲಿ ಇನ್ನೂ ಎರಡು ಸುತ್ತು ನಡೆಯುತ್ತಾನೆ, ಯಾವಾಗಲೂ ಗೆದ್ದ ಹಾಗೆ ಇದನ್ನೂ ಗೆಲ್ಲುತ್ತಾನೆ ಎಂದು ನನಗೆ ಗೊತ್ತಿತ್ತು.

ಒಂದು ಸಲ ಅವನು ನನ್ನ ಅಳತೆಗೆ ಬರಲಿ ಅನ್ನಿಸಿತ್ತು.

ಆಮೇಲೆ ಪ್ಯಾಂಟು ಬಿಗಿಯಾಯಿತು ಎಂದ. ಬಟ್ಟೆ ಒಗೆದು ಒಗೆದು ಕುಗ್ಗಿರುತ್ತೆ, ಕೊಡು ಎಂದು ಅಂಗಡಿಗೆ ತಂದೆ. ಹಿಂಭಾಗದ ಹೊಲಿಗೆಯ ಒಳಗೆ ನಾನು ಯಾವಾಗಲೂ ಬಟ್ಟೆ ಬಿಟ್ಟಿರುತ್ತೇನೆ. ಅದನ್ನು ಬಿಚ್ಚಿ ಅಗಲ ಮಾಡಿ, ಹಳೆಯ ಹೊಲಿಗೆಯ ಗುರುತು ಕಾಣದಂತೆ ಇಸ್ತ್ರಿ ಹಾಕಿ ಕೊಟ್ಟೆ. ಮೂರು ತಿಂಗಳಲ್ಲಿ ಹೀಗೆ ಎರಡು ಸಲ. ಅಳತೆ ಏರಿಲ್ಲವಲ್ಲ ಎಂದು ಅವನು ಧೈರ್ಯವಾಗಿ ಕೇಸರಿಬಾತು ಹಾಕಿಸಿಕೊಳ್ಳುತ್ತಿದ್ದ. ಆ ಔಷಧಿಗೆ ಹಸಿವೂ ಜಾಸ್ತಿಯಾಗಿತ್ತು. ಸುಸ್ತು ಎಂದು ನಡೆಯುವುದನ್ನೂ ಬಿಟ್ಟ.

ಒಂದು ದಿನ ಅತ್ತಿಗೆ ಒಳಗಿದ್ದಾಗ ಮೆಲ್ಲಗೆ ಕೇಳಿದ. "ಮಾದೇಶ, ಶರ್ಟಿಗೆ ಎರಡೂ ಕಡೆ ಜೇಬು ಇಟ್ಕೊಡ್ತೀಯಾ? ದಪ್ಪ ಬಟ್ಟೇಲಿ." ಎದೆ ಹೆಂಗಸರ ಹಾಗೆ ಉಬ್ಬಿತ್ತು. ನನ್ನ ಕಣ್ಣು ತಪ್ಪಿಸಿ ಕೇಳಿದ. ಅವನು ನನ್ನನ್ನು ಬೇಡಿಕೊಂಡದ್ದು ಅದೇ ಮೊದಲು. ನನಗೆ ಒಳಗೊಳಗೆ ಖುಷಿಯಾಯಿತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ.

ಎರಡನೇ ಇಂಜೆಕ್ಷನ್ ದಿನ ನರ್ಸ್ ತನ್ನ ಟೇಪ್ ತೆಗೆದಳು.

ಮೂವತ್ತೇಳು.

ಅತ್ತಿಗೆಯ ಪುಸ್ತಕದಲ್ಲಿ ಮೂವತ್ತನಾಲ್ಕೂವರೆ ಎಂದಿತ್ತು. ಶುಗರ್ ಬಾರ್ಡರ್ ದಾಟಿತ್ತು, ಬಿಪಿಯೂ ಏರಿತ್ತು. ಹೊರಗೆ ಬೆಂಚಿನ ಮೇಲೆ ಅಣ್ಣ ಕೇಳಿದ.

"ಟೇಪ್ ಏನಾದ್ರೂ ಹಳೇದಾಗಿತ್ತೇನೋ?"

"ಟೇಪ್ ಸರಿ ಇತ್ತು ಅಣ್ಣ. ನಾನೇ ತಪ್ಪು ಹೇಳ್ದೆ."

"ಯಾಕೋ?"

"ನೀನೂ ಮೂವತ್ತೆಂಟಕ್ಕೆ ಬರ್ಲಿ ಅಂತ."

ಅವನಿಗೆ ಆಗಲೇ ಬೆವರು ಶುರುವಾಗಿತ್ತು. ಮುಖ ಒರೆಸಿಕೊಳ್ಳಲಿಲ್ಲ. ಬೆವರೋ ಕಣ್ಣೀರೋ ನನಗೆ ತಿಳಿಯಲಿಲ್ಲ. ಬಯ್ಯುತ್ತಾನೆ ಎಂದು ಕಾದೆ.

"ಹೋಗಿ ಡಾಕ್ಟ್ರಿಗೆ ಹೇಳು" ಎಂದ. "ಔಷಧಿ ಬರೆಯೋರು ಅವ್ರು. ಅವ್ರಿಗೆ ನಿಜ ಗೊತ್ತಿರ್ಲಿ."

ಹೇಳಿದೆ. ನನ್ನ ಕೆಟ್ಟ ತಮಿಳಿನಲ್ಲಿ, ಅತ್ತಿಗೆಯ ಎದುರಿಗೇ. ಡಾಕ್ಟರ್ ಗದರಲಿಲ್ಲ. ಎರಡು ತಿಂಗಳು ಮೊದಲೇ ಬಂದಿದ್ದರೆ ಊಟ, ವ್ಯಾಯಾಮದಲ್ಲೇ ತಡೆಯಲು ನೋಡಬಹುದಿತ್ತು, ಈಗ ಮಾತ್ರೆಯೂ ಬೇಕು ಎಂದರು. ಇಂಜೆಕ್ಷನ್ ನಿಲ್ಲಿಸುವ ಹಾಗಿರಲಿಲ್ಲ. ನೀರು ತುಂಬಿದ ಬಾಟಲಿ ಎತ್ತಿ ಇಳಿಸುವ ವ್ಯಾಯಾಮ, ದಿನಾ ನಡಿಗೆ, ಅಳೆದು ಹಾಕಿದ ಅನ್ನ.

ಅಳೆಯುವ ಕೆಲಸ ಅತ್ತಿಗೆಗೆ ಹೋಯಿತು. ಎರಡು ಭಾನುವಾರ ನಾನು ಹೋಗಲಿಲ್ಲ. ಮೂರನೆಯದಕ್ಕೆ ಅಣ್ಣನ ಫೋನ್ ಬಂತು. "ನಡೆಯಕ್ಕೆ ಜೊತೆ ಬೇಕು. ಕೋಪ ಇನ್ನೂ ಐತೆ, ಆದ್ರೂ ಬಾ."

ಈಗ ಬೀಚಿನಲ್ಲಿ ನನ್ನ ಹೆಗಲು ಹಿಡಿದು ನಡೆಯುತ್ತಾನೆ. ಕಾಲಿಗೆ ಮೊದಲಿನ ಬಲವಿಲ್ಲ. ಎದುರು ಬಂದವರು ಈಗಲೂ ಅವನಿಗೇ ನಮಸ್ಕಾರ ಹೇಳುತ್ತಾರೆ. ಆ ಸುಳ್ಳಿನ ಬಗ್ಗೆ ಅವನು ಮತ್ತೆ ಮಾತೆತ್ತಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ. ನಾನು ಕೇಳಿಲ್ಲ.

ಮೂರನೇ ಇಂಜೆಕ್ಷನ್ ದಿನ ನರ್ಸ್ ಮೂವತ್ತಾರು ಎಂದಳು. ಶುಗರ್ ಸ್ವಲ್ಪ ಇಳಿದಿತ್ತು. ಕ್ಯಾನ್ಸರಿನ ಪಿಎಸ್ಎ ರಕ್ತಪರೀಕ್ಷೆಯ ರಿಪೋರ್ಟೂ ಚೆನ್ನಾಗಿತ್ತು. ಅತ್ತಿಗೆ ಅಲ್ಲೇ ಕೈ ಮುಗಿದರು. ನನಗೂ ಸಂತೋಷವಾಯಿತು. ಆ ಸಂತೋಷದ ಒಳಗೆ ಕಾಲಿಂಚಿನಷ್ಟು ಹೊಟ್ಟೆಕಿಚ್ಚು ಇನ್ನೂ ಇತ್ತು. ಈ ಸಲ ಅಳತೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ.