ನಾಯಿಗೆ ಹುಬ್ಬಿದೆಯೇ

ಕನ್ನಡದ ಪಶುವೈದ್ಯ ಪಠ್ಯವೊಂದಕ್ಕೆ ಅಂಗರಚನೆಯ ಪದಗಳನ್ನು ಹೊಂದಿಸಿಕೊಡಲು ಒಪ್ಪಿಕೊಂಡು ಬೇಡದ ತಲೆನೋವು ತಂದುಕೊಂಡಿದ್ದೆ. ಬಂಗಾಳಿ ನಾಡಿನ ಈ ಜಾದವ್‌ಪುರದಲ್ಲಿ ದಿನವಿಡೀ ಪಾಠ ಹೇಳಿ, ಆಟೊದಲ್ಲಿ ಮುದ್ದೆಯಾಗಿ ಮನೆಗೆ ಬಂದರೆ ಪ್ರಾಣಿಗಳ ಕಣ್ಣಿನ ಮೇಲಿನ ಜಾಗ ನನಗಾಗಿ ಕಾದು ಕೂತಿರುತ್ತಿತ್ತು. ಹಕ್ಕಿಗೆ ಅಲ್ಲೊಂದು ಪಟ್ಟೆ, ಕುದುರೆಗೆ ಗುಳಿ, ಕೋತಿಗೆ ಮೂಳೆಯ ಏಣು. ನಾಯಿಗೆ? ನಾನು ‘ಹುಬ್ಬು’ ಎಂದು ಬರೆದರೆ ಪಠ್ಯದ ಸಂಪಾದಕರು ಹೊಡೆದುಹಾಕಿ ‘ಅಧಿನೇತ್ರ ಪ್ರದೇಶ’ ಎಂದು ತಿದ್ದುತ್ತಿದ್ದರು. ಹುಬ್ಬು ಮನುಷ್ಯರಿಗೆ ಮಾತ್ರವಂತೆ. ವಾದಿಸಲು ನನಗೆ ತ್ರಾಣವಿರಲಿಲ್ಲ.

ನಮ್ಮ ಮನೆಯ ಮುದಿ ನಾಯಿ ಆ ಮಾತನ್ನು ಒಪ್ಪುತ್ತಿರಲಿಲ್ಲ. ಕಪ್ಪು ಮೈ, ಎರಡು ಕಣ್ಣಿನ ಮೇಲೂ ಬೆಲ್ಲದ ಬಣ್ಣದ ಬೊಟ್ಟು. ಅದನ್ನು ಸಾಕಿದ್ದು ನನ್ನ ಅಮ್ಮ. ಅಮ್ಮ ತೀರಿಕೊಂಡ ಮೇಲೂ ಅದಕ್ಕೆ ಕನ್ನಡ ಬಿಟ್ಟು ಬೇರೆ ಮಾತು ತಿಳಿಯುತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನಾಯಿಯೊಂದಿಗೆ ಮಾತ್ರ ಕನ್ನಡ. ಅದೂ ಎಂಥ ಕನ್ನಡ! ಆ ಬೊಟ್ಟುಗಳನ್ನು ಮುಟ್ಟಿ, “ನಿನ್ನ ಹಬ್ಬ ಎಲ್ಲೋ?” ಎನ್ನುತ್ತಿದ್ದಳು. ನಾಯಿ ಒಂದು ಬೊಟ್ಟನ್ನು ಮೇಲೇರಿಸುತ್ತಿತ್ತು.

“ಹಬ್ಬ ಅಲ್ಲ ಕಣೇ, ಹುಬ್ಬು” ಎಂದು ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾಯಿಗೆ ಅರ್ಥವಾಗುತ್ತಲ್ಲ, ನಿನಗೇನು ಕಷ್ಟ ಎಂದು ಇಂಗ್ಲಿಷಿನಲ್ಲೇ ದಬಾಯಿಸುತ್ತಿದ್ದಳು.

ಈ ಮಳೆಗಾಲದಲ್ಲಿ ನಾಯಿ ಅನ್ನ ಬಿಟ್ಟಿತು. ಕಿಡ್ನಿ ಕೈಕೊಟ್ಟಿತ್ತು. ಅದು ಹೋದರೆ ಮಗಳ ಬಾಯಿಂದ ಕನ್ನಡವೂ ಹೋಗುತ್ತದೆ ಎಂದು ನನಗೆ ಭಯವಾಯಿತು. ನಾಯಿಗಿಂತ ಅದಕ್ಕೇ ಹೆಚ್ಚು ಅತ್ತೆನೋ ಏನೋ. ಕೊನೆಯ ದಿನ ಮಗಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಪ್ರಶ್ನೆ ಕೇಳಿದಳು. ಬೊಟ್ಟು ಏಳಲಿಲ್ಲ.

ಆಮೇಲೆ ಮನೆಯಲ್ಲಿ ಕನ್ನಡ ಆಡುವವಳು ನಾನೊಬ್ಬಳೇ ಆದೆ. ಗೋಡೆಗೆ ಹೇಳಿಕೊಂಡಂತೆ ಆಡುತ್ತಿದ್ದೆ. ದುರ್ಗಾಪೂಜೆ ಹತ್ತಿರ ಬಂತು, ಬೀದಿಗೆ ಬಿದಿರು ಬಂದು ಬಿತ್ತು, ಪಂಡಾಲು ಏಳತೊಡಗಿತು. ಸುಸ್ತಾಗಿ ಬಂದ ಒಂದು ಸಂಜೆ, ಚಪ್ಪಲಿ ಬಿಡುತ್ತಾ, ಕನ್ನಡದಲ್ಲಿ ಉತ್ತರ ಬರುವ ಆಸೆಯಿಲ್ಲದೆ ಕೇಳಿದೆ: “ಹಬ್ಬಕ್ಕೆ ಹೊಸ ಬಟ್ಟೆ ತರೋಣ್ವಾ?”

ಮಗಳು ನನ್ನ ಮುಖವನ್ನೇ ನೋಡಿದಳು.

“ಯಾವ ಹಬ್ಬ, ಅಮ್ಮ? ನಮ್ಮ ಹಬ್ಬ ಹೋಯ್ತಲ್ಲ” ಎಂದು ಅಳತೊಡಗಿದಳು.

ಹುಬ್ಬು ಎಂದು ತಿದ್ದಲು ನನಗೆ ಬಾಯಿ ಬರಲಿಲ್ಲ.